ಉರಿಗಾಂನಲ್ಲಿ ಮೆಟಲ್ ಕ್ಯಾಸೆಟ್

ಎರಡು ಸಾವಿರದ ಒಂದನೇ ಇಸವಿಯಲ್ಲಿ ನಾನು ಅಂಗಡಿ ಅಂಗಡಿಗೆ ಕ್ಯಾಸೆಟ್ ಹಾಕುವ ಕೆಲಸದಲ್ಲಿದ್ದೆ. ಯಂತ್ರಗಳ ಬಡಿತವನ್ನೇ ತಾಳ ಮಾಡಿಕೊಂಡು ಕಿರುಚುವ ವಿದೇಶಿ ಮೆಟಲ್ ಸಂಗೀತದ ಆಲ್ಬಂ ಒಂದು ಆಗ ಬೆಂಗಳೂರು ದಾಟಿ ಬಂಗಾರಪೇಟೆಯಲ್ಲೂ ಖರ್ಚಾಗುತ್ತಿತ್ತು. ಚಿನ್ನದ ಗಣಿಯ ಊರಾದ ಉರಿಗಾಂನ ಅಂಗಡಿಯವನು ಅದನ್ನು ಹೊರಗಿನ ಸ್ಪೀಕರಿಗೆ ಹಾಕಿ ಜೋರು ಮಾಡಿದ.

ಎದುರಿನ ಗಣಿ ಕಾರ್ಮಿಕರ ಲೈನ್ ಮನೆಗಳಿಂದ ಜನ ಹೊರಬಂದರು. ಬನಿಯನ್ನಿನಲ್ಲೇ ಓಡಿಬಂದವನೊಬ್ಬ, "ಮಿಲ್ಲು ಸುರುವಾಯ್ತೇನ್ಲಾ?" ಅಂದ. ಗಣಿಯ ಅದಿರು ಕುಟ್ಟುವ ಮಿಲ್ಲು ನಿಂತು ತಿಂಗಳುಗಳಾಗಿದ್ದವು, ಅವರ ಕೆಲಸವೂ ಅದರ ಜೊತೆಗೇ ಹೋಗಿತ್ತು.

"ಇಲ್ಲಣ್ಣೋ, ಇಂಗ್ಲಿಷ್ ಆಡು," ಅಂದ ಅಂಗಡಿಯವನು.

"ಇದು ಆಡಾ? ಯಾವನ್ಲಾ ಕೇಳ್ತಾನೆ ಇದನ್ನ?"

"ಲೋಕವೇ ಕೇಳ್ತೈತೆ. ಬೇಕಾದ್ರೆ ಇವ್ರನ್ನ ಕೇಳು."

ನಾನು ತಲೆಯಾಡಿಸಿದೆ. ಅಂಗಡಿಯವನು ಟೇಪ್ ಆರಿಸಲು ಕೈ ಚಾಚಿದಾಗ ಆತ ತಡೆದ.

"ಆರಿಸ್ಬೇಡ. ಆಸಿಗೆ ಇಡಿದಿದ್ದ ನಮ್ಮಪ್ಪ ಈ ಸದ್ದು ಕೇಳಿ ಮಿಲ್ಲೇ ಅಂದ್ಕಂಡು ಎದ್ದು ಕೂತವ್ನೆ. ಮೂರು ದಿನದ ಮೇಲೆ ಗಂಜಿ ಕೇಳ್ದ. ಅವ್ನು ಕುಡಿಯೋಗಂಟ ಓಡ್ಲಿ."

ಅವನು ಮನೆಗೆ ಓಡಿದ. ಅಷ್ಟರಲ್ಲೇ ಆ ಸೈಡು ಮುಗಿಯಿತು. ಅಂಗಡಿಯವನು ಅವಸರದಲ್ಲಿ ಕ್ಯಾಸೆಟ್ ತಿರುಗಿಸಿ ಹಾಕಿದ. ಎರಡನೇ ಸೈಡಿನ ಮೊದಲ ಹಾಡಿನಲ್ಲಿ ಬರೀ ಪಿಯಾನೋ ಇತ್ತು, ಮಿಲ್ಲಿನಂಥ ಬಡಿತ ಒಂದೂ ಇರಲಿಲ್ಲ. ಕೇಳಲು ಹಿತವಾಗಿತ್ತು. ಎಲ್ಲ ತರಹದ ಜನಕ್ಕೂ ಹಿಡಿಸಲಿ ಎಂದು ಕಂಪನಿಯವರು ಅದೊಂದನ್ನು ಸೇರಿಸಿದ್ದರಂತೆ.