ಜೋಬ್ ಪರ್ಕಿಸ್ ಹಾಕಿದ ಗಂಟು

ಹಡಗಿನ ಸಿಡಿಮದ್ದಿನ ಕೋಣೆಗೆ ಇಳಿಯುವ ಪ್ರತಿಯೊಬ್ಬನನ್ನೂ ಜೋಬ್ ಪರ್ಕಿಸ್ ತಾನೇ ನಿಂತು ತಡಕುತ್ತಿದ್ದ. ಬೆಂಕಿಪೊಟ್ಟಣ, ಪೈಪು, ಚಾಕು, ಬೀಗದ ಕೈ, ಬೆಲ್ಟಿನ ಬಕಲು, ಯಾವುದನ್ನೂ ಬಿಡುತ್ತಿರಲಿಲ್ಲ. ಮೊಳೆ ಹೊಡೆದ ಬೂಟು ಬಿಚ್ಚಿಸಿ ಉಣ್ಣೆಯ ಚಪ್ಪಲಿ ಹಾಕಿಸುತ್ತಿದ್ದ. ಒಂದು ಕಿಡಿ ಹಾರಿದರೆ ಸಾವಿರ ಜನರ ಸಮೇತ ಯುದ್ಧನೌಕೆಯೇ ಇಲ್ಲವಾಗುತ್ತದೆ ಎಂಬುದು ಅವನ ಇಪ್ಪತ್ತು ವರ್ಷದ ಪಾಠ. ಅಂಥವನು ಅದೇ ಕೋಣೆಯ ದಪ್ಪ ಉಕ್ಕಿನ ಬಾಗಿಲನ್ನು ಮಾತ್ರ ಹಗ್ಗದಿಂದ ಬಿಗಿದು ವರ್ಷವಿಡೀ ತೆರೆದಿಟ್ಟಿದ್ದ. ಇದನ್ನು ನೆನೆದರೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯುವುದಿಲ್ಲ.

ಅದಕ್ಕೊಂದು ಕಾರಣವಿತ್ತು, ಪೆದ್ದತನಕ್ಕೆ ಕಾರಣಗಳ ಬರವಿಲ್ಲ. ಅವರದು ಓಟಕ್ಕಾಗಿಯೇ ಕಟ್ಟಿದ ಹಡಗು. ಫಿರಂಗಿಗಳು ದೊಡ್ಡವು, ಎಂಜಿನ್ನುಗಳು ಇನ್ನೂ ದೊಡ್ಡವು, ಆ ಭಾರ ಸರಿದೂಗಿಸಲು ಮೈಮೇಲಿನ ಉಕ್ಕಿನ ಕವಚ ತೆಳು. ಶತ್ರು ಗುರಿ ಹಿಡಿಯುವಷ್ಟರಲ್ಲಿ ನಾವು ನಾಲ್ಕು ಸಲ ಹೊಡೆದಿರಬೇಕು, ಅದೇ ನಮ್ಮ ಕವಚ ಎಂದು ದೊಡ್ಡವರೆಲ್ಲ ನಂಬಿದ್ದರು. ಹಾಗಾಗಿ ಬೇಗ ಬೇಗ ಗುಂಡು ಹಾರಿಸುವ ಪಂದ್ಯ, ಗೆದ್ದವರಿಗೆ ಬೆಳ್ಳಿಯ ಬಟ್ಟಲು. ಹಡಗಿನ ತಳದಲ್ಲಿ ಮದ್ದಿನ ಕೋಣೆ, ಅದರ ಬಾಗಿಲಾಚೆ ಹೊರಕೋಣೆ, ಅಲ್ಲಿಂದ ಮದ್ದು ಲಿಫ್ಟಿನಲ್ಲಿ ಮೇಲಿನ ಫಿರಂಗಿ ಗೋಪುರಕ್ಕೆ ಏರಬೇಕು. ಪ್ರತಿ ಸಲ ಬಾಗಿಲು ತೆರೆದು ಮುಚ್ಚುತ್ತ ಕೂತರೆ ಪಂದ್ಯ ಗೆದ್ದಂತೆಯೇ! ಜೋಬ್ ಬಾಗಿಲನ್ನು ಹೊರಕೋಣೆಯ ಗೋಡೆಗೆ ಒರಗಿಸಿ, ಡಾಂಬರು ಹಗ್ಗದಿಂದ ಅಲ್ಲಿದ್ದ ಕಬ್ಬಿಣದ ಬಳೆಗೆ ಕಟ್ಟಿದ. ರೇಷ್ಮೆ ಚೀಲದ ಮದ್ದನ್ನು ಡಬ್ಬಿಗಳಿಂದ ಮೊದಲೇ ತೆಗೆಸಿ ಹೊರಕೋಣೆಯಲ್ಲಿ ಸೌದೆಯಂತೆ ಒಟ್ಟಿಸಿದ. ಬಟ್ಟಲು ಗೆದ್ದರು. ಅಧಿಕಾರಿ ಬೆನ್ನು ತಟ್ಟಿದ. ಪಕ್ಕದ ಹಡಗಿನವರೂ ಬಂದು ಗಂಟು ನೋಡಿ ಕಲಿತುಕೊಂಡು ಹೋದರು. ಬಣ್ಣ ಬಳಿಯುವವರು ಬಂದಾಗಲೆಲ್ಲ ಬಾಗಿಲು, ತಿರುಗಣಿ, ಹಗ್ಗ, ಗಂಟು ಎಲ್ಲಕ್ಕೂ ಸೇರಿಸಿ ಬಿಳಿ ಬಣ್ಣ ಬಳಿದರು.

ಆ ಗಂಟಿನ ಮೇಲೆ ಜೋಬ್‌ಗೆ ಎಷ್ಟು ಹೆಮ್ಮೆಯೆಂದರೆ, ರಜೆಗೆ ಪೋರ್ಟ್ಸ್‌ಮತ್‌ಗೆ ಬಂದಾಗ ತಂಗಿ ಲೆಟ್ಟಿಯ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೂ ಅದನ್ನೇ ಹಾಕಿದ.

"ಗಾಡಿ ಕುದುರೆ ಕಟ್ಟಿ ಎಳೆಸಿದ್ರೂ ಬಿಚ್ಚಲ್ಲ, ನೋಡು," ಎಂದ.

"ಬೇಕಾದಾಗ ಬಿಚ್ಚೋಕಾಗ್ದಿದ್ರೆ ಅದೆಂಥ ಗಂಟೋ ಅಣ್ಣ?" ಎಂದಳು ತುಂಬು ಬಸುರಿ ಲೆಟ್ಟಿ. ಜೋಬ್ ಹೆಂಗಸರಿಗೇನು ಗೊತ್ತು ಎಂಬಂತೆ ನಕ್ಕ.

ಲೆಟ್ಟಿಯ ಗಂಡ ರೂಬೆನ್ ಕಿಂಬರ್ ಅದೇ ಹಡಗಿನಲ್ಲಿ ಜೋಬ್‌ನ ಕೈಕೆಳಗೆ, ಹೊರಕೋಣೆಯಲ್ಲಿ ಮದ್ದು ಹೊರುವವನು. ಗೂಳಿಯಂಥ ಭುಜ, ಬಾಯ್ತುಂಬ ನಗು, ಹೊಗೆಸೊಪ್ಪಿನ ಚಟ. ಇಟ್ಟಿಗೆಯಂಥ ಹೊಗೆಸೊಪ್ಪನ್ನು ಹೆರೆದುಕೊಳ್ಳಲು ಕಾಲುಚೀಲದಲ್ಲಿ ಸಣ್ಣ ಚಾಕು ಬಚ್ಚಿಡುತ್ತಿದ್ದ. ಮೊದಲ ಸಲ ಸಿಕ್ಕಿದಾಗ ಜೋಬ್ ಚಾಕು ಕಿತ್ತು ತನ್ನ ಪೆಟ್ಟಿಗೆಗೆ ಹಾಕಿಕೊಂಡ. ಎರಡನೇ ಸಲ ಹೊಸದೊಂದು ಸಿಕ್ಕಿತು. ಅದನ್ನು ಸಮುದ್ರಕ್ಕೆಸೆದು, ಅಧಿಕಾರಿಗೆ ದೂರು ಕೊಡುತ್ತೇನೆಂದ.

"ಬೇಡ ಭಾವ. ರಜೆ ಕಿತ್ಕೊಂಡ್ಬಿಡ್ತಾರೆ. ಮಗು ಮುಖ ಒಂದ್ಸಲ ನೋಡ್ಕೊಂಡು ಬರ್ತೀನಿ, ಆಮೇಲೆ ಬೇಕಾದ್ರೆ ನೇಣಿಗೆ ಹಾಕ್ಸು."

"ನನ್ನ ಬಾಗಿಲಲ್ಲಿ ನೆಂಟರು ಇಷ್ಟರು ಅಂತ ಇಲ್ಲ. ಚಾಕು ಅಂದ್ರೆ ಚಾಕು."

"ಬಾಗಿಲಾ? ಎಲ್ಲಿದೆ ಭಾವ ಬಾಗಿಲು? ಅದನ್ನ ಕಟ್ಟಿಹಾಕಿ ವರ್ಷ ಆಯ್ತಲ್ಲ!"

ಹೊರಕೋಣೆಯವರೆಲ್ಲ ಗೊಳ್ಳೆಂದು ನಕ್ಕರು. ಆ ನಗುವೇ ಕೆಲಸ ಕೆಡಿಸಿತು. ಜೋಬ್ ದೂರು ಕೊಟ್ಟೇಬಿಟ್ಟ, ರೂಬೆನ್‌ನ ರಜೆ ಹೋಯಿತು. 1916ರ ಮೇ ತಿಂಗಳಲ್ಲಿ ತನಗೆ ಹೆಣ್ಣುಮಗು ಹುಟ್ಟಿದ್ದು ಅವನಿಗೆ ಕಾಗದದಿಂದ ತಿಳಿಯಿತು.

ಆ ತಿಂಗಳ ಕೊನೆಯ ಮಧ್ಯಾಹ್ನ ಉತ್ತರ ಸಮುದ್ರದಲ್ಲಿ ಜರ್ಮನರ ಹಡಗುಗಳು ಎದುರಾದವು. ತಳದಲ್ಲಿದ್ದವರಿಗೆ ಯುದ್ಧವೆಂದರೆ ಬರೀ ಸದ್ದು. ತಮ್ಮ ಫಿರಂಗಿ ಹೊಡೆದರೆ ಹಡಗು ಪಕ್ಕಕ್ಕೆ ಜಾರುತ್ತಿತ್ತು. ಶತ್ರುವಿನ ಗುಂಡು ಬಿದ್ದರೆ ಹಲ್ಲು ಕಟಕಟಿಸುತ್ತಿದ್ದವು. ಬರಿಮೈಯಲ್ಲಿ ಬೆವರು ಸುರಿಸುತ್ತ ಅವರು ಮದ್ದು ದಾಟಿಸುತ್ತಲೇ ಇದ್ದರು. ಅರ್ಧ ಗಂಟೆಯಾಗಿರಬಹುದು, ಎಲ್ಲ ಸದ್ದನ್ನೂ ನುಂಗಿಹಾಕುವ ಒಂದು ಏಟು ಕೇಳಿಸಿತು. ಯಾರಿಗೂ ನಿಲ್ಲಲಾಗಲಿಲ್ಲ. ಜೋಬ್ ಗೋಪುರಕ್ಕೆ ಹೋಗುವ ಮಾತಿನ ಕೊಳವೆಗೆ ಬಾಯಿಟ್ಟು, ಏನದು ಎಂದು ಕೂಗಿದ.

"ಪಕ್ಕದ ಹಡಗು ಇಲ್ಲ," ಎಂದಿತು ಮೇಲಿನ ದನಿ.

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ ಕಣಯ್ಯ! ಹೊಗೆ ಇದೆ, ಹಡಗಿಲ್ಲ!"

ಜೋಬ್ ತೆರೆದ ಬಾಗಿಲತ್ತ ತಿರುಗಿದ. ತನ್ನಿಂದ ಗಂಟು ಕಲಿತವರು ಅವರು. ಬಾಗಿಲು ಮುಚ್ಚದಿದ್ದರೆ ತಮ್ಮ ಗತಿಯೂ ಅದೇ. ಅವನು ಹೊರಕೋಣೆಗೆ ಹಾರಿ ಗಂಟಿಗೆ ಕೈ ಹಾಕಿದ. ಮೂರು ಪದರ ಬಣ್ಣ ಕುಡಿದು ಗಂಟು ಕಲ್ಲಾಗಿತ್ತು. ಜಗ್ಗಿದ, ಕಚ್ಚಿದ, ಎರಡು ಉಗುರು ಬುಡಸಮೇತ ಕಿತ್ತುಬಂದವು. ಕತ್ತರಿಸಲು ಏನಾದರೂ ಕೊಡಿ ಎಂದು ಚೀರಿದ. ಯಾರ ಬಳಿ ಏನಿರುತ್ತದೆ? ಬೆಳಿಗ್ಗೆ ತಾನೇ ಎಲ್ಲರ ಜೇಬನ್ನೂ ಬರಿದು ಮಾಡಿದ್ದ.

ಆಗಲೇ ಶತ್ರುವಿನ ಗುಂಡೊಂದು ಗೋಪುರದ ತೆಳು ಸೂರನ್ನು ಸೀಳಿ ಒಳಗೆ ಸಿಡಿಯಿತು. ಕೊಳವೆಯಲ್ಲಿ ಕಿರುಚಾಟ ಕೇಳಿಸಿತು, ಥಟ್ಟನೆ ನಿಂತಿತು. ಲಿಫ್ಟಿನ ದಾರಿಯಿಂದ ಮೊದಲು ಹೊಗೆ, ಆಮೇಲೆ ಒಂದು ತೋಳು, ಅದರ ಹಿಂದೆಯೇ ಉರಿಯುವ ಮನುಷ್ಯನೊಬ್ಬ ಮದ್ದಿನ ರಾಶಿಯ ಪಕ್ಕದಲ್ಲೇ ದೊಪ್ಪೆಂದು ಬಿದ್ದ. ಅವನ ಮುಖವಿರಲಿಲ್ಲ; ಆದರೂ ತೆವಳುತ್ತಿದ್ದ. ಇಬ್ಬರು ಬಕೆಟ್ಟಿನ ನೀರನ್ನೆಲ್ಲ ಅವನ ಮೇಲೆ ಸುರಿದರು. ಮೇಲೆ ಅರ್ಧದಾರಿಯಲ್ಲಿ ಸಿಕ್ಕಿಕೊಂಡಿದ್ದ ಮದ್ದು ಹೊತ್ತಿಕೊಂಡು ಸರಸರ ಸದ್ದು ಮಾಡತೊಡಗಿತು.

ರೂಬೆನ್ ಬಗ್ಗಿ ಕಾಲುಚೀಲದಿಂದ ಮೂರನೇ ಚಾಕು ತೆಗೆದ.

"ಬೈಬೇಡ ಭಾವ," ಎಂದು ಹಗ್ಗ ಕೊಯ್ದ.

ಬಾಗಿಲು ಅಲುಗಲಿಲ್ಲ. ತಿರುಗಣಿಯೂ ಬಣ್ಣ ಕುಡಿದು ಕಚ್ಚಿಕೊಂಡಿತ್ತು. ಒಳಗಿನಿಂದ ಎಳೆಯಲು ಹಿಡಿಯಿಲ್ಲ, ಹೊರಗಿನಿಂದಲೇ ದೂಡಬೇಕು. ಚಿಲಕಗಳೋ ಒಳಗಡೆ.

"ನೀನು ಒಳಗ್ಹೋಗಿ ಚಿಲಕ ಹಾಕು!" ಎಂದು ರೂಬೆನ್ ಕೂಗಿದ.

"ನೀನು ಬಾರೋ!"

"ಬಾಗಿಲು ನಿನ್ನಪ್ಪ ದೂಡ್ತಾನಾ?" ಎಂದ ರೂಬೆನ್, ಜೋಬ್‌ನ ಎದೆಗೆ ಒದ್ದ. ಜೋಬ್ ಒಳಗೆ ಹೋಗಿ ಬಿದ್ದ. ರೂಬೆನ್ ಮತ್ತಿಬ್ಬರ ಜೊತೆ ಭುಜ ಕೊಟ್ಟು ನೂಕಿದ; ತಿರುಗಣಿ ಕಿರುಗುಟ್ಟಿತು, ಬಾಗಿಲು ಕೂತಿತು. ಜೋಬ್ ಎಂಟು ಚಿಲಕವನ್ನೂ ಒಂದೊಂದಾಗಿ ಜಡಿದ. ಕೊನೆಯದು ಬೀಳುತ್ತಲೇ ಹೊರಕೋಣೆ ಹೊತ್ತಿಕೊಂಡಿತು.

ಬಾಗಿಲನ್ನು ಮುಷ್ಟಿಗಳು ಬಡಿದವು, ಬರಿಗೈಗಳು ಬಡಿದವು. ಒಳಗಿದ್ದ ಆರು ಮಂದಿಯಲ್ಲಿ ಒಬ್ಬ, "ತೆಗೀರಿ, ಅವ್ರಿನ್ನೂ ಬದುಕಿದ್ದಾರೆ!" ಎಂದು ಚಿಲಕಕ್ಕೆ ಕೈ ಹಾಕಿದ. ಜೋಬ್ ಅವನ ದವಡೆಗೆ ಗುದ್ದಿದ, ಬಿದ್ದವನ ಮೇಲೆ ಕೂತು ಮತ್ತೆ ಮತ್ತೆ ಗುದ್ದಿದ. ಬಡಿತ ನಿಂತ ಮೇಲೂ ಅವನ ಕೈ ನಿಲ್ಲಲಿಲ್ಲ. ಬಾಗಿಲಿನ ಬಿಳಿ ಬಣ್ಣ ಬೊಬ್ಬೆಯೆದ್ದು ಸುಲಿಯಿತು. ಉಳಿದವರು ಕುಡಿಯುವ ನೀರಿನ ತೊಟ್ಟಿಯನ್ನು ಬರಿದು ಮಾಡಿ ಉಕ್ಕಿಗೆ ಎರಚಿದರು.

ಹಡಗು ಉಳಿಯಿತು. ಸಾವಿರ ಜನ ಮನೆಗೆ ಬಂದರು. ಬಾಗಿಲು ತೆರೆದಾಗ ಹೊರಕೋಣೆಯಲ್ಲಿ ಹದಿನೊಂದು ಮಂದಿ ಒಬ್ಬರ ಮೇಲೊಬ್ಬರು ಬಿದ್ದಿದ್ದರು, ಬಟ್ಟೆಯಿಲ್ಲ, ಕೂದಲಿಲ್ಲ, ಯಾರು ಯಾರೆಂದು ತಿಳಿಯದು. ಒಬ್ಬನ ಭುಜ ಬಾಗಿಲಿಗೇ ಅಂಟಿತ್ತು. ಅವನನ್ನು ಬಿಡಿಸುವಾಗ ಚರ್ಮ ಉಕ್ಕಿನ ಮೇಲೆಯೇ ಉಳಿಯಿತು. ಮುಷ್ಟಿಯಲ್ಲಿ ಚಾಕು ಇತ್ತು.

ನೌಕಾಪಡೆಯ ಕಾಗದ ಬರುವ ಮೊದಲೇ ಜೋಬ್ ಲೆಟ್ಟಿಯ ಮನೆಗೆ ಹೋದ. ರೂಬೆನ್ ಒಂದೇ ಏಟಿಗೆ ಸತ್ತ, ನೋವಾಗಲಿಲ್ಲ ಎಂದು ಹೇಳಿಬಿಡಬಹುದಿತ್ತು. ಎಲ್ಲರೂ ಹಾಗೇ ಹೇಳುತ್ತಿದ್ದರು. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬಡಿತದ ವಿಷಯವನ್ನೂ ಮುಚ್ಚಿಡಲಿಲ್ಲ.

ಲೆಟ್ಟಿ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದಳು.

"ಬಾಗಿಲು ಕಟ್ಟಿದ್ದು ನಮ್ಮ ಹಿತ್ತಲಲ್ಲಿ ಹಾಕಿದ್ಯಲ್ಲ, ಆ ಗಂಟಲ್ಲೇನಾ?"

"ಹೂಂ."

"ಅವರ ರಜೆ ಕಿತ್ಕೊಂಡಿದ್ದು?"

"ನಾನೇ."

ಬಟ್ಟೆ ಕುಕ್ಕುವ ಕೋಲು ಅವಳ ಕೈಗೆ ಸಿಕ್ಕಿತು. ಹೊಡೆದಳು. ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಜೋಬ್ ಕೈ ಅಡ್ಡ ಹಿಡಿಯಲಿಲ್ಲ. ಕೋಲು ಮುರಿದ ಮೇಲೆ ಅವನು ಜೇಬಿನಿಂದ ರೂಬೆನ್‌ನ ಮೊದಲ ಚಾಕು ತೆಗೆದು ಮೇಜಿನ ಮೇಲಿಟ್ಟ. ಲೆಟ್ಟಿ ಅದರ ಅಲಗು ಬಿಡಿಸಿಕೊಂಡು ಹಿತ್ತಲಿಗೆ ಹೋದಳು. ಹಗ್ಗದ ತುಂಬ ಮಗುವಿನ ಬಟ್ಟೆ. ಗಂಟಿನ ಬುಡಕ್ಕೆ ಚಾಕು ಹಾಕಿದಳು, ಒಗೆದ ಬಟ್ಟೆಯೆಲ್ಲ ಕೆಸರಿಗೆ ಬಿತ್ತು. ಕತ್ತರಿಸಿದ ಗಂಟನ್ನೂ ಚಾಕುವನ್ನೂ ತಂದು ಅಣ್ಣನ ಕೈಗೆ ಹಾಕಿದಳು.

"ಎರಡೂ ಇಟ್ಕೋ. ಇನ್ನು ಈ ಹೊಸ್ತಿಲು ತುಳೀಬೇಡ."

ಜೋಬ್ ಮತ್ತೆ ಹದಿನಾಲ್ಕು ವರ್ಷ ನೌಕೆಗಳಲ್ಲಿ ದುಡಿದ. ಅವನು ಕಾಯುವ ಮದ್ದಿನ ಕೋಣೆಯ ಬಾಗಿಲನ್ನು ಮತ್ತೆಂದೂ ತೆರೆದಿಡಲಿಲ್ಲ. ಪ್ರತಿಯೊಬ್ಬನ ಜೇಬನ್ನೂ ಮೊದಲಿನಂತೆಯೇ ತಡಕುತ್ತಿದ್ದ. ಅವನದೇ ಕಾಲುಚೀಲವನ್ನು ತಡಕುವವರು ಮಾತ್ರ ಯಾರೂ ಇರಲಿಲ್ಲ; ರೂಬೆನ್‌ನ ಚಾಕು ಅಲ್ಲೇ ಇರುತ್ತಿತ್ತು.