ಗುರಮ್ಮನ ಪಾಲಿಗೆ ಬಂದ ಬಾಚಾಬಾಚಿ

ಗುರಮ್ಮ ಸಿಂದಗಿ ಕಡೆಯವಳು. ಅಂಬರನಾಥದ ಚಾಳಿನಿಂದ ಬೆಳಗಿನ ಲೋಕಲ್ ಹಿಡಿದು ಡೊಂಬಿವಲಿಗೆ, ಅಲ್ಲಿಂದ ಶೇರ್ ರಿಕ್ಷಾದಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ನಮ್ಮ ಸೊಸೈಟಿಗೆ ಬರುತ್ತಾಳೆ. ಬರುತ್ತಿದ್ದಳು ಎಂದು ಬರೆಯಬೇಕು ಈಗ.

ಐದು ಮನೆಯ ಕೆಲಸ ಅವಳಿಗೆ. ನಾನು ಬೇಲಾಪುರದ ಆಫೀಸಿಗೆ ಹೊರಟ ಮೇಲೆ ಮಗಳು ತೃಷಾಳಿಗೆ ಎಣ್ಣೆ ಹಚ್ಚಿ ಮೀಯಿಸಿ, ಉಣ್ಣಿಸಿ, ಹಗಲು ಮಕ್ಕಳನ್ನು ನೋಡಿಕೊಳ್ಳುವ ಕೆಳಗಿನ ಪಾಳಣಾಘರಕ್ಕೆ ಬಿಟ್ಟು, ಆಮೇಲೆ ಉಳಿದ ಮನೆಗಳಿಗೆ ಹೋಗುವುದು. ನಮ್ಮ ಮನೆಯ ಒಂದು ಕೀಲಿಕೈ ಅವಳ ಸೊಂಟದಲ್ಲೇ ಇರುತ್ತಿತ್ತು. ಮೊದಲು ಹನ್ನೆರಡು ವರ್ಷ ಸ್ಟೀಲ್ ಪಾತ್ರೆ ಪಾಲಿಶ್ ಮಾಡುವ ಶೆಡ್ಡಿನಲ್ಲಿ ದುಡಿದವಳು. ಮೆಷಿನ್ನಿನ ಸದ್ದಿಗೆ ಕಿವಿ ಮಂದವಾಗಿ, ದನಿ ಜೋರಾಗಿದೆ. "ಕೂಸು ಮಲಗೈತ್ರೀ, ಸಾವಕಾಶ ಬರ್ರಿ" ಎಂದು ಅವಳು ಹೇಳುವ ಅಬ್ಬರಕ್ಕೇ ಮಗು ಎದ್ದು ಕೂರುತ್ತಿತ್ತು.

ಹೋದ ಮಂಗಳವಾರ ಕೆಲಸದವರ ಲಿಫ್ಟ್ ಕೆಟ್ಟು ನಾಲ್ಕನೇ ದಿನ. ನಾನು ಹಾಲು ತರಲು ಇಳಿದಿದ್ದೆ. ವಾಪಸ್ ಹತ್ತುವಾಗ ಗುರಮ್ಮ ನನ್ನ ಜೊತೆಗೇ ನಿವಾಸಿಗಳ ಲಿಫ್ಟಿಗೆ ಕಾಲಿಟ್ಟಳು. ಒಳಗೆ ಐದನೇ ಮಹಡಿಯ ಕಾಕಾ ಇದ್ದರು.

"ಬಾಯಿ, ತುಮ್ಚೀ ಲಿಫ್ಟ್ ತಿಕಡೆ!" ಎಂದು ಕಾಕಾ ಕೆಲಸದವರ ಲಿಫ್ಟಿನತ್ತ ಬೆರಳು ತೋರಿಸಿದರು.

"ವೋ ಬಂದ್ ಹೈ ಸಾಹೇಬ. ಮಣಕಾಲ ಬಹುತ್ ದುಖ್ತಾ," ಅಂದಳು ಗುರಮ್ಮ, ಅವಳ ಎಂದಿನ ದನಿಯಲ್ಲಿ.

ಅವಳು ಆಡಿದ್ದು ಅಷ್ಟೇ. ಕಾಕಾ ಬೈಯಲು ಶುರು ಮಾಡಿದವರು ನಿಲ್ಲಿಸಲಿಲ್ಲ. ಬಾಗಿಲು ಮೂರು ಸಲ ಮುಚ್ಚಿ ತೆರೆಯಿತು. ಗುರಮ್ಮ ತಲೆ ತಗ್ಗಿಸಿ ಇಳಿದು ಮೆಟ್ಟಿಲಿನತ್ತ ಹೋದಳು. ನಮ್ಮದು ಏಳನೇ ಮಹಡಿ. ನಾನು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಲಿಫ್ಟಿನಲ್ಲೇ ಮೇಲೆ ಬಂದೆ.

ಸಂಜೆ ಸೆಕ್ರೆಟರಿ ಪ್ರೇಮನಾಥ ಅಂಕಲ್ ಫೋನ್ ಮಾಡಿದರು. ಉಡುಪಿಯವರು, ಸ್ಟೇಷನ್ ಹತ್ತಿರ ಹೋಟೆಲಿದೆ.

"ಅಶ್ಮಿತಾ, ಕಾಕಾ ಕಂಪ್ಲೇಂಟ್ ಕೊಟ್ಟಿದ್ದಾರೆ. ನೀವು ಅಲ್ಲೇ ಇದ್ರಂತೆ ಅಲ್ವಾ? ಎರಡು ಲೈನ್ ಮರಾಠಿಯಲ್ಲಿ ಬರ್ದು ಕೊಡಿ ಮಾರಾಯ್ರೆ. ಕನ್ನಡದಲ್ಲಿ ಕೊಟ್ರೆ ಕಮಿಟಿಯವರಿಗೆ ಎಂತ ಗೊತ್ತಾಗ್ತದೆ?"

ನನ್ನ ಮರಾಠಿ ರೈಲಿನಲ್ಲೂ ಟಿವಿಯಲ್ಲೂ ಕಲಿತದ್ದು. ಕೈ ಕೈ ಮಿಲಾಯಿಸಿದರೆ ಮಾರಾಮಾರಿ, ಬರೀ ಬಾಯಿಮಾತಾದರೆ ಬಾಚಾಬಾಚಿ. ಟಿವಿಯ ಕೆಳಗೆ ಓಡುವ ಸುದ್ದಿಪಟ್ಟಿಯಲ್ಲಿ ಹಾಗೇ ಬರುತ್ತದೆ. ಹಗುರದ್ದನ್ನು ಆರಿಸಿಕೊಂಡೆ. ಕಾಕಾನಿಗೂ ಸಿಟ್ಟು ಬರಬಾರದು, ದಿನಾ ಅದೇ ಲಿಫ್ಟಿನಲ್ಲಿ ಮುಖ ನೋಡಬೇಕು, ಅದೂ ಮನಸ್ಸಿನಲ್ಲಿತ್ತು. 'ಲಿಫ್ಟಿನ ಬಳಿ ಇಬ್ಬರಲ್ಲಿ ಸ್ವಲ್ಪ ಬಾಚಾಬಾಚಿ ಆಯಿತು, ಬೇರೇನೂ ಇಲ್ಲ' ಎಂದು ಬರೆದು ಸಹಿ ಹಾಕಿದೆ.

ಶನಿವಾರ ನೋಟಿಸ್ ಬೋರ್ಡಿನಲ್ಲಿ ಗುರಮ್ಮನ ಹೆಸರು ಬಂತು. ನಿವಾಸಿಗಳ ಜೊತೆ ಬಾಚಾಬಾಚಿ ಮಾಡಿದ ಕೆಲಸದವರ ಗೇಟ್ ಕೋಡ್ ರದ್ದು, ಇದು ಸೊಸೈಟಿಯ ಹಳೆಯ ನಿಯಮವಂತೆ. ಕೆಳಗೆ 'ಪ್ರತ್ಯಕ್ಷದರ್ಶಿಯ ಲಿಖಿತ ಹೇಳಿಕೆಯ ಮೇರೆಗೆ' ಎಂದಿತ್ತು. ಒಬ್ಬರು ಬೈದು ಇನ್ನೊಬ್ಬರು ಕೇಳಿಸಿಕೊಂಡರೆ ಅದಕ್ಕೆ ಆ ಪದ ಸಲ್ಲುವುದಿಲ್ಲ. ಎರಡು ಬಾಯಿ ಬೇಕು ಅದಕ್ಕೆ. ಎರಡನೇ ಬಾಯಿಯನ್ನು ನಾನೇ ಗುರಮ್ಮನಿಗೆ ಕೊಟ್ಟಿದ್ದೆ.

ಹೊಸ ಪತ್ರ ಬರೆದುಕೊಂಡು ಭಾನುವಾರ ಪ್ರೇಮನಾಥ ಅಂಕಲ್ ಮನೆಗೆ ಹೋದೆ.

"ಅವಳು ಒಂದೇ ಮಾತು ಹೇಳಿದ್ದು ಅಂಕಲ್. ಬೈದದ್ದು ಅವರೊಬ್ಬರೇ."

"ಹಾಗಾದ್ರೆ ಬೈದ್ರು ಅಂತ ಬರೀಬೇಕಿತ್ತಲ್ಲ? ಈಗ ಬದಲಿಸಿದ್ರೆ ಅವ್ರು ನಿಮ್ಮ ಮೇಲೆಯೇ ತಿರುಗ್ತಾರೆ. ಆ ಮನುಷ್ಯನ ಬಾಯಿ ಗೊತ್ತುಂಟಲ್ಲ? ಇರ್ಲಿ, ಇಡ್ತೇನೆ. ಮುಂದಿನ ತಿಂಗಳು ಮೀಟಿಂಗಿನಲ್ಲಿ ನೋಡುವ."

ಪತ್ರವನ್ನು ಫೈಲಿನೊಳಗೆ ಇಟ್ಟು, ಚಹಾ ಕುಡಿದು ಹೋಗಿ ಅಂದರು. ಅಷ್ಟು ಹೊತ್ತಿಗೆ ಐದರಲ್ಲಿ ಎರಡು ಮನೆಯವರು ಬೇರೆ ಕೆಲಸದ ಬಾಯಿಯನ್ನು ಹುಡುಕಿಕೊಂಡಾಗಿತ್ತು.

ಸೋಮವಾರ ತೃಷಾಳನ್ನು ಎತ್ತಿಕೊಂಡು ಗೇಟಿಗೆ ಹೋದೆ. ಗುರಮ್ಮ ಹೊರಗೆ ನಿಂತಿದ್ದಳು. ವಾಚ್‌ಮನ್ ಅವಳ ನಂಬರ್ ಇನ್ನೊಮ್ಮೆ ಒತ್ತಿ ಕೆಂಪು ದೀಪ ತೋರಿಸಿದ. "ಲಾಲ್ ಆ ರಹಾ ಹೈ ಮೌಸಿ. ಮೇರೆ ಹಾಥ್ ಮೇ ಕುಛ್ ನಹೀ."

"ಅಕ್ಕಾ, ಬಾಚಾಬಾಚಿ ಅಂದ್ರ ಏನ್ರೀ? ಬೋರ್ಡಿನ್ಯಾಗ ಅದ ಬರದಾರಂತ."

"ಎರಡೂ ಕಡೆಯಿಂದ ಮಾತು ಬಿಸಿಯಾಗೋದು."

"ನನ್ನ ಕಡಿಂದ ಎಲ್ಲೈತ್ರೀ?" ಸುಮ್ಮನೆ ಕೇಳಿದಳು, ಆ ದೊಡ್ಡ ದನಿಯಲ್ಲಿ. "ಯಾರ್ರೀ ಅದನ್ನ ಬರದವ್ರು?"

"ನಾನೇ, ಗುರಮ್ಮ."

ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. ಕೇಳಿಸಿತ್ತು. ಸೊಂಟದಿಂದ ಕೀಲಿಕೈ ಬಿಚ್ಚಿ ಕಂಬಿಯ ಸಂದಿಯಿಂದ ಕೊಟ್ಟಳು. ತೃಷಾ ಅವಳ ಬೆರಳು ಹಿಡಿದು ಬಿಡಲಿಲ್ಲ. "ಎಡಗಾಲ ಪಾದಕ್ಕ ಎಣ್ಣಿ ಜಾಸ್ತಿ ಹಚ್ಚರಿ, ಬಿರಿತೈತಿ," ಅಂದಳು.

ಅಷ್ಟರಲ್ಲಿ ಕಾಕಾ ವಾಕಿಂಗ್ ಮುಗಿಸಿ ಗೇಟಿನೊಳಗೆ ಬಂದರು. ನನ್ನ ಬಾಯಿಗೆ ಅಷ್ಟು ದಿನದ ಮಾತೆಲ್ಲ ಬಂತು. "ಕಾಕಾ!" ಎಂದು ಜೋರಾಗಿಯೇ ಕರೆದೆ.

ಗುರಮ್ಮ ಕಂಬಿಯೊಳಗಿಂದ ನನ್ನ ಮಣಿಕಟ್ಟು ಹಿಡಿದಳು.

"ಬ್ಯಾಡ್ರೀ ಅಕ್ಕಾ. ಅದನ್ನೂ ನನ್ನ ಹೆಸರಿಗೇ ಬರೀತಾರ."

ಕಾಕಾ ತಿರುಗಿ ನೋಡಿದರು. ನಾನು ಗುಡ್ ಮಾರ್ನಿಂಗ್ ಅಂದೆ.