ಒಬ್ಬಳು ಹೇಳಬೇಕು, ಇನ್ನೊಬ್ಬಳು ನಂಬಬಾರದು

ಹತ್ತನೇ ತರಗತಿಯ ಕೋಣೆಯಲ್ಲಿ, ಕರಿಹಲಗೆಯ ಎಡಗಡೆ, ಕಿಟಕಿಗೆ ಬೆನ್ನು ಕೊಟ್ಟು ನಾನು ನಿಂತಿದ್ದೆ. ಕೆಲವು ವರ್ಷಗಳ ಹಿಂದಿನ ಜನವರಿಯ ಒಂದು ಶನಿವಾರ. ಬೆಳಗಿನ ತರಗತಿಗಳು ಮುಗಿದು ಮಕ್ಕಳು ಮನೆಗೆ ಹೊರಟಾಗಿತ್ತು. ಕೆಜಿಎಫ್‌ನಲ್ಲಿ, ನಂದಿದುರ್ಗ ಗಣಿ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಿಗೆ ಹತ್ತಿರದ ಹೈಸ್ಕೂಲು ಅದು. ನಾನು ಅಲ್ಲಿ ವಿಜ್ಞಾನದ ಮೇಷ್ಟ್ರು. ಬಂಗಾರಪೇಟೆಯಿಂದ ದಿನಾ ಮಾರಿಕುಪ್ಪಂ ರೈಲು ಹತ್ತಿ ಬರುತ್ತಿದ್ದೆ. ನಾನು ನಿಂತಲ್ಲಿಂದ ಹಲಗೆ ಪೂರ್ತಿ ಕಾಣುತ್ತಿತ್ತು, ಅದರ ಮುಂದಿದ್ದ ಇಬ್ಬರು ಹುಡುಗಿಯರ ಮುಖಗಳೂ ಕಾಣುತ್ತಿದ್ದವು. ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ಇಬ್ಬರೂ ಹತ್ತನೇ ತರಗತಿಯವರು. ಒಬ್ಬಳು ಕ್ಯಾಸಂಬಳ್ಳಿ ಕಡೆಯ ಹಳ್ಳಿಯವಳು. ಅವಳ ಅಪ್ಪ ಅಮ್ಮ ಕೂಲಿಗೆ ಹೋಗುವವರು. ಇನ್ನೊಬ್ಬಳು ಶಾಲೆಯ ಹಿಂದಿನ ಲೈನ್ ಮನೆಯವಳು, ಮನೆಮಾತು ತಮಿಳು, ಅಜ್ಜಿಯ ಜೊತೆ ಇದ್ದಳು. ಪೂರ್ವಸಿದ್ಧತಾ ಪರೀಕ್ಷೆಯ ವಿಜ್ಞಾನದ ಪತ್ರಿಕೆಯಲ್ಲಿ ಇಬ್ಬರೂ ಒಂದು ಪ್ರಶ್ನೆಗೆ ಒಂದೇ ಮಾತು ಬರೆದಿದ್ದರು. ಸರಣಿ ಜೋಡಣೆಗೂ ಸಮಾಂತರ ಜೋಡಣೆಗೂ ಏನು ವ್ಯತ್ಯಾಸ ಎಂಬುದು ಪ್ರಶ್ನೆ. ಅವರ ಉತ್ತರ ಹೀಗಿತ್ತು: ಟ್ಯಾಂಕರ್‌ನಿಂದ ಮನೆಯವರೆಗೆ ಹೆಂಗಸರು ಸಾಲಾಗಿ ನಿಂತು ಕೊಡ ದಾಟಿಸುವಾಗ ಒಬ್ಬಳು ಕೈ ಬಿಟ್ಟರೆ ಯಾರ ಮನೆಗೂ ನೀರಿಲ್ಲ, ಅದು ಸರಣಿ, ಒಬ್ಬೊಬ್ಬರಿಗೂ ಒಂದೊಂದು ನಲ್ಲಿ ಇದ್ದರೆ ಒಂದು ನಿಲ್ಲಿಸಿದರೂ ಉಳಿದವುಗಳಲ್ಲಿ ನೀರು ಬರುತ್ತದೆ, ಅದು ಸಮಾಂತರ.

ಈ ಮಾತು ಪಠ್ಯಪುಸ್ತಕದಲ್ಲೂ ಇಲ್ಲ, ಗೈಡಿನಲ್ಲೂ ಇಲ್ಲ. ಹೆಡ್‌ಮಾಸ್ತರರಿಗೆ ಕಾಪಿಯ ಅನುಮಾನ ಬಂದದ್ದು ಅದಕ್ಕೇ. ಅವರು ಕೆಟ್ಟವರಲ್ಲ, ಕಟ್ಟುನಿಟ್ಟು.

"ಗೈಡಿಂದ ಉರು ಹೊಡೆದಿದ್ರೆ ಇಬ್ಬರದ್ದೂ ಒಂದೇ ಆಗಬಹುದು, ಒಪ್ಪಿದೆ" ಎಂದರು. "ಎರಡು ತಲೆಗೆ ಒಂದೇ ಕೊಡ ಎಲ್ಲಿಂದ ಬಂತು ಮೇಷ್ಟ್ರೇ?"

ಅದು ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ವರ್ಷದ ಆರಂಭದಲ್ಲಿ ಮಕ್ಕಳನ್ನು ಜೋಡಿ ಮಾಡಿ ಒಂದು ಅಭ್ಯಾಸ ಹಾಕಿಸಿದ್ದೆ. ಪುಸ್ತಕ ಮುಚ್ಚಿಟ್ಟು, ಮನೆಯಲ್ಲಿ ಆಡುವ ಮಾತಿನಲ್ಲಿ ಒಬ್ಬರು ಪಾಠ ಹೇಳಬೇಕು. ಇನ್ನೊಬ್ಬರು ಏನನ್ನೂ ನಂಬಬಾರದು. ಯಾಕೆ, ಹೇಗೆ ಎಂದು ಕೇಳುತ್ತಲೇ ಇರಬೇಕು. ಆಮೇಲೆ ಸರದಿ ಬದಲು. ಬಹಳ ಜೋಡಿಗಳು ದೀಪಾವಳಿಯ ಹೊತ್ತಿಗೆ ಕೈಬಿಟ್ಟವು. ಇವರಿಬ್ಬರು ಬಿಡಲಿಲ್ಲ. ಹಳ್ಳಿಯ ಬಸ್ಸು ಬರುವವರೆಗೆ ಲೈನ್ ಮನೆಯ ಜಗಲಿಯ ಮೇಲೆ ಕೂತು ಕಚ್ಚಾಡುತ್ತಿದ್ದರು. ಇದನ್ನು ಹೆಡ್‌ಮಾಸ್ತರರಿಗೆ ಹೇಳಿದೆ. "ನೀವು ಹೇಳಿದ್ರೆ ಸಾಕ್ಷಿ ಆಗಲ್ಲ" ಎಂದರು. ಅದೂ ಸರಿಯೇ. ತಾವೇ ಕೇಳಿ ನೋಡಲು ಆ ಶನಿವಾರ ಇಬ್ಬರನ್ನೂ ಉಳಿಸಿಕೊಂಡು, ಮನೆಯವರನ್ನೂ ಬರಹೇಳಿದ್ದರು.

ಹಳ್ಳಿ ಹುಡುಗಿಯ ಅಪ್ಪ ಹಿಂದಿನ ಬೆಂಚಿನ ಪಕ್ಕ ನಿಂತಿದ್ದರು. ಕೂರಿ ಅಂದರೂ ಕೂರಲಿಲ್ಲ. ಲೈನ್ ಹುಡುಗಿಯ ಅಜ್ಜಿ ಮಾತ್ರ ಬೆಂಚಿನ ಮೇಲೆ ಕಾಲು ಮಡಿಚಿ ಕೂತಿದ್ದರು.

"ಸಾರ್, ಕಾಪಿ ಒಡ್ದಿರೋದು ನಿಜ ಆದ್ರೆ ಏಳ್ಬುಡಿ" ಎಂದರು ಅಪ್ಪ. "ಸೋಮವಾರದಿಂದ ನಮ್ ಜೊತೆ ಟೊಮೇಟೊ ಬಿಡಿಸಾಕೆ ಬತ್ತಾಳೆ. ಕಳ್ತನ ಕಲಿಯಾಕೆ ಬಸ್ಸಿಗೆ ಕಳಿಸ್ಬೇಕಾ?"

ಹುಡುಗಿ ತಲೆ ಎತ್ತಲಿಲ್ಲ. ಆ ಮನುಷ್ಯ ಆಡಿದಂತೆ ಮಾಡುವವರು ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ನನ್ನ ಕೈಯಲ್ಲಿದ್ದ ಸೀಮೆಸುಣ್ಣವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ.

ಹೆಡ್‌ಮಾಸ್ತರರು ಹಳ್ಳಿ ಹುಡುಗಿಯನ್ನು ಹಲಗೆಯ ಹತ್ತಿರ ಕರೆದು, ಪುಸ್ತಕದಲ್ಲಿಲ್ಲದ ಪ್ರಶ್ನೆ ಕೇಳಿದರು. "ಲೈನ್ ಮನೆಗಳಿಗೆಲ್ಲ ಒಂದೇ ಕಂಬದಿಂದ ಕರೆಂಟು. ಪಕ್ಕದ ಮನೆಯವರು ಗ್ರೈಂಡರ್ ಹಾಕಿದರು. ಈ ಮನೆ ಬಲ್ಬು ಏನಾಗುತ್ತೆ?"

"ಏನೂ ಆಗಲ್ಲ ಸಾರ್. ಸಮಾಂತರ ಜೋಡಣೆ. ಎಲ್ಲಾ ಮನೆಗೂ ವಿಭವಾಂತರ, ಅಂದ್ರೆ ಓಲ್ಟೇಜು, ಒಂದೇ."

ಹೆಡ್‌ಮಾಸ್ತರರು ತಲೆಯಾಡಿಸುವಷ್ಟರಲ್ಲಿ ಲೈನ್ ಹುಡುಗಿಗೆ ತಡೆಯಲಾಗಲಿಲ್ಲ.

"ಸುಳ್ಳು ಕಣೆ! ನಮ್ಮನೇಲಿ ಡಲ್ ಆಗತ್ತೆ. ಪಕ್ಕದ ಮನೆ ಅಕ್ಕ ದೋಸೆಗೆ ರುಬ್ಬೋಕೆ ಹಾಕಿದ್ರೆ ಸಾಕು, ಬಲ್ಬು ಮುಖ ಸಪ್ಪೆ."

"ನೀನು ಸುಮ್ನಿರಮ್ಮ" ಎಂದರು ಹೆಡ್‌ಮಾಸ್ತರರು.

"ಬಿಡಿ ಸಾರ್" ಎಂದೆ. "ಜಗಳ ಆಡಲಿ."

ಹಳ್ಳಿ ಹುಡುಗಿ ಗೆಳತಿಯ ಕಡೆ ತಿರುಗಿದಳು. ನಾವೆಲ್ಲ ಅಲ್ಲಿರುವುದು ಅವಳಿಗೆ ಮರೆತುಹೋದಂತಿತ್ತು.

"ಅದು ಓಲ್ಟೇಜ್ ಕಮ್ಮಿ ಬಂದಿರ್ತೈತೆ ಕಣೇ, ಕಂಬದಿಂದ್ಲೇ."

"ದಿನಾ, ಕರೆಕ್ಟಾಗಿ ಗ್ರೈಂಡರ್ ಹಾಕಿದಾಗ್ಲೇನಾ? ಆಫ್ ಮಾಡಿದ್ ತಕ್ಷಣ ಸರಿ ಹೋಗತ್ತೆ. ಯಾಕೆ, ಹೇಳು."

ಹಳ್ಳಿ ಹುಡುಗಿ ಹಲಗೆಯ ಮೇಲೆ ಒಂದು ಕಂಬ ಬರೆದಳು, ಎರಡು ಮನೆ ಬರೆದಳು, ಕಂಬದಿಂದ ಮನೆಗಳವರೆಗೆ ತಂತಿ ಎಳೆದಳು. ತಂತಿಯ ಮೇಲೆ ಬೆರಳಿಟ್ಟು ನಿಂತಳು. ಅವಳು ಸೋತಳು ಎಂದೇ ಆಗ ನಾನು ಅಂದುಕೊಂಡೆ. ಅವಳ ಅಪ್ಪನೂ ಹಾಗೇ ಅಂದುಕೊಂಡಿರಬೇಕು. ಬಾಗಿಲ ಕಡೆ ನೋಡಿದರು.

"ಸಾರ್, ಮೊದ್ಲು ಏಳಿದ್ದು ತಪ್ಪು" ಎಂದಳು. ದನಿ ಗಟ್ಟಿಯಾಗಿತ್ತು. "ನಲ್ಲಿ ಬೇರೆ ಬೇರೆ. ಆದ್ರೆ ಟ್ಯಾಂಕಿಂದ ಬರೋ ಪೈಪು ಒಂದೇ. ಪಕ್ಕದೋರು ದೊಡ್ಡ ನಲ್ಲಿ ತಿರುಗಿಸಿದ್ರೆ ನಮ್ ನಲ್ಲೀಲಿ ನೀರು ಸಣ್ಣ ಆಗ್ತೈತೆ. ಈ ತಂತೀನೂ ಅಂಗೇ. ಇದಕ್ಕೂ ಕರೆಂಟು ತಡೆಯೋ ರೋಧ ಐತೆ. ಗ್ರೈಂಡರ್ ಜಾಸ್ತಿ ಕರೆಂಟ್ ಎಳೀತೈತೆ, ದಾರೀಲೇ ಓಲ್ಟೇಜ್ ಜಾಸ್ತಿ ಓಗ್ಬುಡ್ತೈತೆ, ಬಲ್ಬಿಗೆ ಉಳಿಯೋದು ಕಮ್ಮಿ."

"ಪುಸ್ತಕದಲ್ಲಿ ವಿಭವಾಂತರ ಒಂದೇ ಅಂತ ಇದೆಯಲ್ಲ?" ಹೆಡ್‌ಮಾಸ್ತರರು ಬಿಡಲಿಲ್ಲ.

"ಪುಸ್ತಕದಾಗೆ ತಂತಿಗೆ ರೋಧಾನೇ ಇಲ್ಲ ಅಂದ್ಕೊಂಡು ಬರ್ದವ್ರೆ ಸಾರ್. ಇವ್ರ ಲೈನಿನ ತಂತೀಗೆ ಐತೆ."

"ಈಗ ನಂಬ್ತೀನಿ" ಎಂದಳು ಗೆಳತಿ.

ಅಜ್ಜಿ ನಕ್ಕರು. "ದಿನಮೂ ಇದೇ ಸಂಡೈ ಸಾರ್, ಎನ್ ಕಾದೇ ಪೋಚ್ಚು" ಎಂದರು. ದಿನವೂ ಇದೇ ಜಗಳ, ನನ್ನ ಕಿವಿಯೇ ಹೋಯಿತು ಎಂದು.

ಹೆಡ್‌ಮಾಸ್ತರರು ಹಳ್ಳಿ ಹುಡುಗಿಯ ಅಪ್ಪನ ಹತ್ತಿರ ನಡೆದುಹೋದರು. ಅವರನ್ನು ಕರೆಯಲಿಲ್ಲ, ತಾವೇ ಹೋದರು.

"ಯಜಮಾನ್ರೇ, ಕಾಪಿ ಹೊಡೆಯೋ ಮಕ್ಕಳು ಹೀಗೆ ಜಗಳ ಆಡಲ್ಲ. ತಪ್ಪು ಅಂತ ತಾವೇ ಒಪ್ಕೊಂಡು ತಿದ್ದೋದೂ ಇಲ್ಲ. ಆ ಕೊಡ ಇಬ್ಬರದ್ದೂ ಹೌದು. ಅನುಮಾನ ಪಟ್ಟಿದ್ದು ನನ್ನ ತಪ್ಪು."

ಅಪ್ಪ ಹೆಗಲ ಟವಲ್ಲಿನಿಂದ ಮುಖ ಒರೆಸಿಕೊಂಡರು. "ಮನೇಲೂ ಇಂಗೇ ಸಾರ್. ಹಸ ಯಾಕೆ ಮೆಲುಕಾಡ್ತೈತೆ ಅಂತಾಳೆ, ಅದ್ಯಾಕೆ ಇದ್ಯಾಕೆ ಅಂತಾಳೆ. ತಲೆ ತಿನ್ಬೇಡ ಓಗು ಅಂತ ಬೈತಿದ್ದೆ." ಮಗಳ ಕಡೆ ತಿರುಗಿದರು. "ನಡಿಯಮ್ಮ, ಬಸ್ಸು ಬತ್ತೈತೆ. ಟೊಮೇಟೊ ನಾವೇ ಬಿಡಿಸ್ಕಂತೀವಿ."

ಸೋಮವಾರ ಬೆಳಗಿನ ಪ್ರಾರ್ಥನೆಯಲ್ಲಿ ಹೆಡ್‌ಮಾಸ್ತರರು ಇಬ್ಬರನ್ನೂ ಮುಂದೆ ಕರೆದು, ಪರೀಕ್ಷೆಯವರೆಗೆ ಹತ್ತನೇ ತರಗತಿ ಇವರ ಹಾಗೆ ಓದಬೇಕು ಎಂದು ಹೇಳಿದರು. ಆಮೇಲಿನ ವಾರಗಳಲ್ಲಿ ಸಂಜೆ ಲೈನ್ ಮನೆಗಳ ಜಗಲಿಗಳಲ್ಲಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜಗಳ ಕೇಳಿಸುತ್ತಿತ್ತು. ರೈಲಿಗೆ ತಡವಾದರೂ ನಾನು ಆ ದಾರಿಯಲ್ಲೇ ಸ್ಟೇಷನ್ನಿಗೆ ನಡೆಯುತ್ತಿದ್ದೆ. ಮಾರ್ಚಿನ ಪರೀಕ್ಷೆಯಲ್ಲಿ ಹಳ್ಳಿ ಹುಡುಗಿ ಪ್ರಥಮ ದರ್ಜೆಯಲ್ಲಿ ಪಾಸಾದಳು. ಪಿಯುಸಿ ವಿಜ್ಞಾನಕ್ಕೆ ಸೇರಿಸಲು ಬಂಗಾರಪೇಟೆಗೆ ಕರೆತಂದದ್ದು ಅವಳ ಅಪ್ಪನೇ. ಅವತ್ತು ಕಾಲೇಜಿನ ಗೇಟಿನ ಹತ್ತಿರ ನನ್ನನ್ನು ಕಂಡು, "ಫಿಜಿಕ್ಸ್ ಕಷ್ಟವಂತೆ, ನಿಜಾನಾ ಸಾರ್?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಗಳು, "ಯಾರಪ್ಪಾ ಏಳಿದ್ದು? ಯಾಕಂತೆ?" ಎಂದಳು.

ಆ ಶನಿವಾರ ಕೋಣೆಯಲ್ಲಿದ್ದವರಲ್ಲಿ ಅಜ್ಜಿ ತೀರಿಕೊಂಡರು. ಹೆಡ್‌ಮಾಸ್ತರರು ನಿವೃತ್ತರಾಗಿ ಬಂಗಾರಪೇಟೆಯಲ್ಲಿದ್ದಾರೆ, ಇದು ನಡೆದದ್ದೇ ಎಂದು ಕೇಳಿದರೆ ಹೌದೆನ್ನುತ್ತಾರೆ. ಆ ಅಪ್ಪ ಕ್ಯಾಸಂಬಳ್ಳಿ ಕಡೆಯ ತಮ್ಮ ಊರಿನಲ್ಲಿದ್ದಾರೆ. ಲೈನ್ ಹುಡುಗಿ ಈಗಲೂ ಅದೇ ಮನೆಯಲ್ಲಿದ್ದಾಳೆ, ಪಕ್ಕದ ಮನೆಯ ಮಕ್ಕಳಿಗೆ ಪಾಠ ಹೇಳುತ್ತಾಳೆ. ಹಲಗೆಯ ಮೇಲೆ ಕಂಬ ಬರೆದ ಹಳ್ಳಿ ಹುಡುಗಿಯೂ ಇದ್ದಾಳೆ, ಓದುತ್ತಿದ್ದಾಳೆ.